ತೂಕದ ದಿನದ ಗುಟುಕು

ಬಿಸಿನೀರಿನ ನಲ್ಲಿ ತಿರುಗಿಸಿದರೆ ಒಂದು ನಿಟ್ಟುಸಿರು ಬಂತೇ ಹೊರತು ನೀರು ಬರಲಿಲ್ಲ. ಮಾಸ್ತರು ಇನ್ನೊಂದು ಸುತ್ತು ತಿರುಗಿಸಿದರು. ನಲ್ಲಿ ಎರಡು ಸಲ ಕೆಮ್ಮಿ, ನಾಲ್ಕು ಹನಿ ಉದುರಿಸಿ ಸುಮ್ಮನಾಯಿತು.

ಸ್ನಾನದ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದ ಮಗಳು ಕಣ್ಣು ತೆರೆಯದೆಯೇ ಕೇಳಿದಳು: "ಸಾಕಾ ಅಪ್ಪ?"

"ಇನ್ನೊಂದೇ ಸಲ, ಚಿನ್ನ. ನೀರು ಆರಿಬಿಟ್ಟಿದೆ. ಬಿಸಿ ಬರಲಿ, ಆಮೇಲೆ ಹತ್ತೇ ನಿಮಿಷ."

ವಸತಿಗೃಹದ ಮೂರನೇ ಮಹಡಿ, ಬೆಳಗಿನ ಹತ್ತು ಗಂಟೆ. ಮಧ್ಯಾಹ್ನ ಮೂರಕ್ಕೆ ತೂಕ, ನಾಳೆ ಸಂಜೆ ಪಂದ್ಯ. ಗುದ್ದು, ಒದೆ, ಕುಸ್ತಿ ಎಲ್ಲವೂ ಸಲ್ಲುವ ಮಿಶ್ರ ಸಮರಕಲೆಯ ಪಂದ್ಯ. ಐವತ್ತೆರಡು ಕಿಲೋದವರ ಪಟ್ಟಕ್ಕೆ. ಮಗಳು ಗಿಡ್ಡ, ಚುರುಕು. ಅಖಾಡದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಗುಬ್ಬಿ ಅಂತ. ಆದರೆ ಉಂಡುಟ್ಟು ಓಡಾಡಿಕೊಂಡಿರುವ ಗುಬ್ಬಿ ಅರವತ್ತು ಕಿಲೋ. ಮೇಲಿನ ಎಂಟು ಕಿಲೋವನ್ನು ಹಿಂಡಿ ತೆಗೆಯುವುದು ಅವಳ ಗುರುವಿನ ಕೆಲಸ, ಗುರು ಅಪ್ಪನೇ. ಮೊದಲು ಊಟ ಕಡಿತ, ಕೊನೆಯ ಎರಡು ದಿನ ನೀರೂ ಬಂದ್, ಆಮೇಲೆ ಉಪ್ಪು ಕಲಸಿದ ಬಿಸಿನೀರಿನಲ್ಲಿ ಕೂರಿಸಿ ಬೆವರಿಳಿಸುವುದು. ತೂಕ ಕೊಟ್ಟ ಮರುಗಳಿಗೆಯಿಂದ ಕುಡಿದು ತಿಂದು, ಪಂದ್ಯದ ಹೊತ್ತಿಗೆ ಮತ್ತೆ ಐವತ್ತೆಂಟು. ಎಲ್ಲರಿಗೂ ಗೊತ್ತಿದ್ದ, ಎಲ್ಲರೂ ಮಾಡುತ್ತಿದ್ದ ಕೆಲಸ. ಮಾಸ್ತರು ತಮ್ಮ ಕಾಲದಲ್ಲಿ ಹೀಗೇ ಹಿಂಡಿಸಿಕೊಂಡು ಬಂದವರು.

ಅವಳನ್ನು ಎಬ್ಬಿಸಿ, ಟವೆಲ್ ಸುತ್ತಿ, ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಕೋಣೆಯ ನೆಲ ಸಮವಿರಲಿಲ್ಲ. ಯಂತ್ರದ ಒಂದು ಕಾಲು ಗಾಳಿಯಲ್ಲಿ ನಿಲ್ಲುತ್ತಿದ್ದುದರಿಂದ ಅದರ ಕೆಳಗೆ ನಾಲ್ಕು ಮಡಿಕೆಯ ಕಾಗದವೊಂದನ್ನು ತುರುಕಿದ್ದರು. ಪಂದ್ಯದ ಮಂಡಳಿ ಎಲ್ಲ ಗುರುಗಳಿಗೂ ಕಳಿಸಿದ್ದ ಕಾಗದ ಅದು. ಆಟಗಾರರ ಸಹಜ ತೂಕವನ್ನು ವರ್ಷವಿಡೀ ನೋಡಿ ಬರೆದಿಡಬೇಕು. ಮೈಯಲ್ಲಿ ನೀರು ಸಾಕಷ್ಟಿದೆಯೇ ಎಂದು ತೂಕದ ದಿನ ಮೂತ್ರ ಪರೀಕ್ಷೆ ಆಗಬೇಕು. ಮೈ ಒಣಗಿಸಿಕೊಂಡು ಬಂದವರನ್ನು ತೂಕಕ್ಕೇ ನಿಲ್ಲಿಸಬಾರದು. ಒಪ್ಪುವವರು ಸಹಿ ಮಾಡಿ ಇವತ್ತು ಮೂರು ಗಂಟೆಗೆ ಕೊಡಬೇಕು. "ಅಖಾಡಕ್ಕೆ ಕಾಲಿಡದವರು ಮಾಡಿದ ಕಾನೂನು" ಎಂದು ನಕ್ಕು ಮಾಸ್ತರು ಅದಕ್ಕೆ ಈ ಕೆಲಸ ಕೊಟ್ಟಿದ್ದರು.

"ಐವತ್ಮೂರು ಇನ್ನೂರು," ಎಂದರು.

"ಇನ್ನೂನಾ?"

ಗುಬ್ಬಿಯ ಮುಖ ಚಿಕ್ಕ ಮಗುವಿನ ಹಾಗೆ ಮುದುಡಿತು. ಭುಜ ಅದುರಿತು. ಅವಳು ಎರಡೂ ಕೆನ್ನೆ ಮುಟ್ಟಿ ನೋಡಿಕೊಂಡಳು.

"ಅಳು ಬರ್ತಿದೆ ಅಪ್ಪ, ಕಣ್ಣೀರೇ ಬರ್ತಿಲ್ಲ ನೋಡು," ಎಂದಳು, ಏನೋ ವಿಚಿತ್ರ ಕಂಡವಳಂತೆ.

"ಉಳಿಸ್ಕೋ, ಗೆದ್ದ ಮೇಲೆ ಬೇಕಾಗುತ್ತೆ."

ಹೇಳಿದ ಮೇಲೆ ಆ ತಮಾಷೆ ಅವರಿಗೇ ಹಿಡಿಸಲಿಲ್ಲ. ಮಗಳನ್ನು ಮಂಚದ ಮೇಲೆ ಮಲಗಿಸಿ, ಕಂಬಳಿ ಹೊದೆಸಿ, ಕೆಳಗಿನ ಕೌಂಟರಿಗೆ ಫೋನು ಮಾಡಿದರು.

"ಬಾಯ್ಲರ್ ಇರೋದು ಒಂದೇ ಸಾರ್," ಎಂದ ಗುಮಾಸ್ತ. "ಪಕ್ಕದ ರೂಮಿನವ್ರು ಬೆಳಿಗ್ಗೆಯಿಂದ ತೊಟ್ಟಿ ತುಂಬಿಸ್ತಾನೇ ಇದ್ದಾರೆ, ನೀವೂ ತುಂಬಿಸ್ತಾನೇ ಇದ್ದೀರಿ. ಅಂಥಾ ಕೊಳೆ ಏನು ಸಾರ್ ನಿಮ್ಮಿಬ್ರದ್ದೂ?"

ಪಕ್ಕದ ಕೋಣೆಯಲ್ಲಿದ್ದವಳು ಅಖಾಡದಲ್ಲಿ ಬಂಡೆ ಅಂತ ಕರೆಸಿಕೊಳ್ಳುವವಳು. ನಾಳೆ ಗುಬ್ಬಿಗೆ ಎದುರಾಳಿ. ಜೊತೆಗೆ ಅವಳನ್ನು ಸಾಕಿದ, ಈಗ ತಯಾರು ಮಾಡುತ್ತಿರುವ ಚಿಕ್ಕಮ್ಮ. ತೂಕದ ದಿನ ಎದುರಾಳಿಯ ಬಾಗಿಲು ತಟ್ಟುವ ಪದ್ಧತಿ ಇಲ್ಲ. ಎದುರು ಸಿಕ್ಕರೂ ಮುಖ ತಿರುಗಿಸುವುದೇ ವಾಡಿಕೆ. ಆದರೆ ಮೇಲಿನ ಒಂದು ಕಿಲೋ ಇನ್ನೂರು ಗ್ರಾಂ ಪದ್ಧತಿ ಕೇಳುವುದಿಲ್ಲ. ಮಾಸ್ತರು ಬಕೆಟ್ ಹಿಡಿದು ಹೊರಟರು.

ಬಾಗಿಲು ತಟ್ಟುವ ಮೊದಲೇ ತೆರೆಯಿತು. ಎದುರಿಗೆ ಚಿಕ್ಕಮ್ಮ ನಿಂತಿದ್ದರು. ಅವರ ಕೈಯಲ್ಲೂ ಖಾಲಿ ಬಕೆಟ್.

ಇಬ್ಬರೂ ಇಬ್ಬರ ಬಕೆಟ್ ನೋಡಿದರು.

"ನಿಮ್ಮತ್ರಾನೇ ಬರೋಳಿದ್ದೆ," ಎಂದರು ಚಿಕ್ಕಮ್ಮ. ಅಖಾಡದಲ್ಲಿ ಕೂಗಿ ಕೂಗಿ ಒಡೆದ ದನಿ.

"ನಿಮ್ಮ ಕಡೆ ಇದೆ ಅಂದ್ಕೊಂಡೆ."

"ನಮ್ಮ ಕಡೆ ಇದ್ದಿದ್ರೆ ಬಕೆಟ್ ಹಿಡ್ಕೊಂಡು ಮೆರವಣಿಗೆ ಹೊರಡ್ತಿದ್ನಾ? ಇನ್ನೆಷ್ಟಿದೆ ನಿಮ್ಮ ಹುಡುಗಿದು?"

ಎದುರಾಳಿಗೆ ಹೇಳಬಾರದ ಮಾತು. ಮಾಸ್ತರು ಹೇಳಿದರು. "ಒಂದು ಇನ್ನೂರು."

"ನಮ್ಮದು ಒಂದು ಮುನ್ನೂರು. ಸಹಜ ತೂಕ ಅರವತ್ತು ಅಲ್ವಾ ಅವಳದ್ದು? ಇವಳದ್ದೂ ಅರವತ್ತೇ." ಚಿಕ್ಕಮ್ಮ ಬಕೆಟ್ ಕೆಳಗಿಟ್ಟರು. "ಮಾಸ್ತ್ರೇ, ಇಬ್ರೂ ಒಂದೇ ಬಾವಿಗೆ ಇಳಿಯೋದು, ಇಬ್ರೂ ಮೇಲೆ ಬರೋದು, ಮತ್ತೆ ಅದೇ ಕಟ್ಟೆ ಮೇಲೆ ನಿಂತು ಹೊಡೆದಾಡೋದು. ಮಧ್ಯೆ ಇಳಿದಿದ್ದು ಯಾಕೆ ಅಂತ ನಂಗೆ ಅರ್ಥ ಆಗ್ತಿಲ್ಲ."

"ನಾನೊಬ್ಬ ಇಳಿಸದೆ ಹೋದ್ರೆ ನನ್ನ ಮಗಳ ಮುಂದೆ ಅರವತ್ತೈದರಿಂದ ಇಳಿದು ಬಂದವಳು ನಿಲ್ತಾಳೆ. ನನ್ನವಳು ನೋಡಿದ್ರೆ ಗಿಡ್ಡ. ತಿನ್ನೋ ಪೆಟ್ಟು ಯಾರಿಗೆ?"

"ನಿಜ. ನಾನೂ ಅದನ್ನೇ ಹೇಳ್ಕೊಂಡು ಬಂದೆ. ಒಬ್ರು ಬಿಟ್ರೆ ಮೋಸ ಹೋಗ್ತೀವಿ. ಎಲ್ರೂ ಬಿಟ್ರೆ?" ಅವರು ದನಿ ತಗ್ಗಿಸಿದರು. "ಒಣಗಿದ ಮೈಯಲ್ಲಿ ತಲೆಗೆ ಪೆಟ್ಟು ಬಿದ್ರೆ ಏನಾಗುತ್ತೆ ಅಂತ ಆ ಕಾಗದದಲ್ಲಿ ಬರೆದಿದ್ರಲ್ಲ. ಓದಿದ್ರಾ?"

ಮಾಸ್ತರು, "ನೀವು ಸಹಿ ಹಾಕಿದ್ರಾ?" ಎಂದು ಕೇಳಿದರು.

"ಇಲ್ಲ. ನೀವು ಹಾಕಿದ್ರೆ ಹಾಕೋಣ ಅಂತ ಕಾಯ್ತಿದ್ದೆ."

ಒಳಗಿನಿಂದ ಯಾರೋ ಏನೋ ಅಂದಂತಾಯಿತು. ಸ್ನಾನದ ಮನೆಯ ಬಾಗಿಲು ಅರ್ಧ ತೆರೆದಿತ್ತು. ಪೋಸ್ಟರಿನಲ್ಲಿ ಮುಷ್ಟಿ ಬಿಗಿದು ಹಲ್ಲು ಕಚ್ಚಿ ನಿಂತಿದ್ದ ಬಂಡೆ ಬೆವರಿಳಿಸಲು ಹಾಕಿದ ಕೋಟಿನ ಹಾಗಿನ ದಪ್ಪ ಉಡುಪಿನಲ್ಲಿ ಮುದುಡಿಕೊಂಡು, ತಣ್ಣಗಿನ ನೆಲಕ್ಕೆ ಕೆನ್ನೆಯೊತ್ತಿ ಮಲಗಿದ್ದಳು. ತುಟಿ ಬಿರಿದಿತ್ತು. ಇಷ್ಟು ಚಿಕ್ಕವಳೆಂದು ಮಾಸ್ತರಿಗೆ ಗೊತ್ತಿರಲಿಲ್ಲ.

"ಮಾಸ್ತ್ರೇ," ಎಂದಳು, ತಲೆಯೆತ್ತದೆ. "ಗುಬ್ಬಿ ನೀರು ಕುಡಿದ್ಲಾ?"

"ಇಲ್ಲಮ್ಮ."

"ಹಾಗಾದ್ರೆ ನಂಗೂ ಬೇಡ."

ಖಾಲಿ ಬಕೆಟ್ಟಿನೊಂದಿಗೆ ಮಾಸ್ತರು ವಾಪಸು ಬಂದರು. ಗುಬ್ಬಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಚಿಕ್ಕಂದಿನಲ್ಲೂ ಹೀಗೇ ಮಲಗುತ್ತಿದ್ದಳು. ಆಗ ಊಟವೆಂದರೆ ಅವಳಿಗೆ ಆಗುತ್ತಿರಲಿಲ್ಲ. ತಟ್ಟೆ ಹಿಡಿದು ಮನೆಯೆಲ್ಲ ಬೆನ್ನಟ್ಟಬೇಕಿತ್ತು. ಮಂಚದ ಕೆಳಗೆ ನುಸುಳಿದರೆ ಇವರೂ ಬಗ್ಗಿ ಕೈ ಚಾಚಿ, "ಇನ್ನೊಂದೇ ತುತ್ತು, ಚಿನ್ನ" ಎನ್ನುತ್ತಿದ್ದರು. ಅದೇ ನಾಲಗೆ. ಅದೇ ಚಿನ್ನ. ಬೆಳಗಿನಿಂದ ಆರು ಸಲ "ಇನ್ನೊಂದೇ ಸಲ" ಎಂದು ಅದೇ ದನಿಯಲ್ಲಿ ಅವಳನ್ನು ಬಿಸಿನೀರಿಗೆ ಇಳಿಸಿದ್ದರು. ಅವಳೂ ನಂಬಿ ಇಳಿದಿದ್ದಳು.

ಮಾಸ್ತರು ಮಂಚದ ಅಂಚಿನಲ್ಲಿ ಕೂತರು.

"ನೀರು ಕುಡೀತೀಯಾ?"

ಗುಬ್ಬಿ ತಿರುಗಿ ನೋಡಿದಳು. ಅಪ್ಪ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೋ ಏನೋ ಎಂಬ ಅನುಮಾನ.

"ಇದಕ್ಕೇ ಏಳು ವರ್ಷ ಕಾದಿದ್ದು ಅಪ್ಪ. ಈಗ ಕುಡಿದ್ರೆ ಪಟ್ಟ ಹೋಯ್ತು."

"ಹೋಗುತ್ತೆ."

"ಸೋತು ಹೋದ್ರೆ ಬೇರೆ. ಕುಡಿದು ಕಳ್ಕೊಳ್ಳೋದಾ?" ಮತ್ತೆ ಕೇಳಿದಳು: "ಬಂಡೆ ಕುಡಿದ್ಲಾ?"

ಮಾಸ್ತರಿಗೆ ನಗು ಬಂತು. "ಅವಳೂ ನಿನ್ನನ್ನೇ ಕೇಳ್ತಿದ್ಲು," ಎಂದರು.

ಗುಬ್ಬಿ ಕಂಬಳಿ ಸರಿಸಿದಳು. ಆಮೇಲೆ ಕೈ ಚಾಚಿದಳು, ಎಬ್ಬಿಸು ಎನ್ನುವಂತೆ.

ಕೋಣೆಗಳ ನಡುವಿನ ಓಣಿಯಲ್ಲಿ, ಮೊಣಕಾಲು ತಾಗುವಷ್ಟು ಹತ್ತಿರ, ಎದುರುಬದುರಾಗಿ ಗುಬ್ಬಿ, ಬಂಡೆ ಇಬ್ಬರನ್ನೂ ಕೂರಿಸಿದರು. ಚಿಕ್ಕಮ್ಮ ಎರಡು ಲೋಟ ತಂದರು. ಎರಡರಲ್ಲೂ ನೀರು ಸಮವಾಗಿದೆಯೇ ಎಂದು ಬಗ್ಗಿ ನೋಡಿ, ಒಂದಕ್ಕೆ ನಾಲ್ಕು ಹನಿ ಸುರಿದರು. ಅಭ್ಯಾಸಬಲ.

ಲೋಟ ಇಬ್ಬರ ಕೈಗೂ ಬಂತು. ಒಬ್ಬಳೂ ಬಾಯಿಗೆ ತರಲಿಲ್ಲ.

"ನೀನು ಮೊದಲು," ಎಂದಳು ಬಂಡೆ.

"ಆಹಾ, ಜಾಣೆ. ನೀನು ಮೊದಲು."

"ಕುಡಿದ ಹಾಗೆ ಮಾಡಿ ಉಗಿದುಬಿಟ್ರೆ?"

"ಉಗಿಯೋಕೆ ಬಾಯಲ್ಲಿ ಪಸೆ ಇದ್ರೆ ತಾನೇ?"

ಬಂಡೆಯ ಬಿರಿದ ತುಟಿ ನಗಲು ಹೋಗಿ ನೊಂದಿತು. "ಒಟ್ಟಿಗೆ," ಎಂದಳು.

ಒಟ್ಟಿಗೇ ಕುಡಿದರು. ಮೊದಲ ಗುಟುಕಿಗೆ ಇಬ್ಬರೂ ಕಣ್ಣು ಮುಚ್ಚಿದರು. "ನಿಧಾನ, ನಿಧಾನ, ಒಂದೇ ಸಲ ಬೇಡ," ಎಂದು ಚಿಕ್ಕಮ್ಮ ಇಬ್ಬರ ಬೆನ್ನನ್ನೂ ಸವರುತ್ತಿದ್ದರು. ಯಾರ ಬೆನ್ನು ಯಾವುದೆಂದು ನೋಡುತ್ತಿರಲಿಲ್ಲ.

ಮಾಸ್ತರು ಒಳಗೆ ಹೋಗಿ ತೂಕದ ಯಂತ್ರದ ಕೆಳಗಿನ ಕಾಗದ ಎಳೆದುಕೊಂಡರು. ಯಂತ್ರ ಒಂದು ಕಡೆಗೆ ವಾಲಿತು. ಒದ್ದೆಯಾದ ಮಡಿಕೆಗಳನ್ನು ಬಿಡಿಸಿ, ತೊಡೆಯ ಮೇಲೆ ಅಂಗೈಯಿಂದ ತಿಕ್ಕಿ ತಿಕ್ಕಿ ನೇರ ಮಾಡಿ, ಮೊದಲ ಸಲ ಪೂರ್ತಿ ಓದಿದರು. ಓದಿ ಸಹಿ ಮಾಡಿ, ಪೆನ್ನನ್ನು ಚಿಕ್ಕಮ್ಮನ ಕೈಗೆ ಕೊಟ್ಟರು.

ಮೂರು ಗಂಟೆಗೆ ತೂಕದ ಸಭಾಂಗಣದಲ್ಲಿ ಗದ್ದಲವೇ ಆಯಿತು. ಆಯೋಜಕ ಕೂಗಾಡಿದ. "ಇಷ್ಟು ವರ್ಷ ಇಳಿಸಿದವ್ರು ಇವತ್ತೇ ಯಾಕ್ರೀ ಮಾಸ್ತ್ರೇ, ಟಿಕೆಟ್ ತಗೊಂಡ ಜನಕ್ಕೆ ಏನು ಹೇಳ್ಲಿ ನಾನು?" ಎಂದು ಕೇಳಿದ. ಅವನ ಪ್ರಶ್ನೆಯೂ ಸುಳ್ಳಲ್ಲ. ಮಾಸ್ತರು ತಲೆ ತಗ್ಗಿಸಿ, "ನನ್ನ ಹೆಸರು ಹೇಳಿ," ಎಂದರು. ವೈದ್ಯೆ ಇಬ್ಬರು ಹುಡುಗಿಯರ ನಾಡಿ ನೋಡಿ, ನಾಲಗೆ ನೋಡಿ, ನಾಳೆ ಇಬ್ಬರೂ ಹೊಡೆದಾಡುವಂತಿಲ್ಲ ಎಂದುಬಿಟ್ಟರು. ಪಂದ್ಯವನ್ನು ಆರು ವಾರ ಮುಂದಕ್ಕೆ ಹಾಕಿದರು. ಸಹಜ ತೂಕಕ್ಕೆ ಹತ್ತಿರದ ತೂಕ ವಿಭಾಗದಲ್ಲಿ ಆಡಬೇಕು, ಪಟ್ಟವಿಲ್ಲ. ಸಹಿಯಾದ ಕಾಗದಗಳ ಪೆಟ್ಟಿಗೆಯಲ್ಲಿ ಏಳೆಂಟು ಮಾತ್ರ ಇದ್ದವು. ಕೆಳಗಿನವೆಲ್ಲ ಗರಿಗರಿ; ಮೇಲಿನದೊಂದು ಮಾತ್ರ ಸುಕ್ಕುಗಟ್ಟಿತ್ತು. ಬೇರೆ ಇಬ್ಬರು ಗುರುಗಳು ಅದನ್ನೇ ದಿಟ್ಟಿಸಿ ನೋಡಿ, ಪೆನ್ನಿಗೆ ಜೇಬು ತಡಕಿಕೊಂಡರು.

ಹೊರಗೆ ಮೆಟ್ಟಿಲ ಮೇಲೆ ಗುಬ್ಬಿ ಕೂತಿದ್ದಳು. ನೀರಿನ ಬಾಟಲಿ ಅರ್ಧ ಖಾಲಿ. ಒಳಗೆ ಪಟ್ಟ ಗೆದ್ದವರಿಗೆ ಕಟ್ಟುವ ಹೊಳೆಯುವ ಸೊಂಟಪಟ್ಟಿಯನ್ನು ಯಾರೋ ಪೆಟ್ಟಿಗೆಗೆ ಹಾಕಿ ಮುಚ್ಚುವುದು ಗಾಜಿನ ಬಾಗಿಲಲ್ಲಿ ಕಾಣುತ್ತಿತ್ತು.

"ಹೋಯ್ತಲ್ಲ ಅಪ್ಪ," ಎಂದಳು.

"ಹೋಯ್ತು."

ಅವಳು ಬಿಕ್ಕಿದಳು. ಮಾಸ್ತರು ಪಕ್ಕ ಕೂತು, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು, ಅದರ ಹಿಂದೆ ಇನ್ನೊಂದು. ಒರೆಸಲು ಎತ್ತಿದ ಕೈಯನ್ನು ಅವರು ಹಾಗೇ ಹಿಂದಕ್ಕೆ ತಂದರು. ಹನಿಗಳನ್ನು ಸುಮ್ಮನೆ ನೋಡುತ್ತ ಕೂತರು. ಆಮೇಲೆ ಬಾಟಲಿಯ ಮುಚ್ಚಳ ತೆಗೆದು ಅವಳ ಬಾಯಿಯ ಹತ್ತಿರ ಹಿಡಿದರು.

"ಇನ್ನೊಂದೇ ಗುಟುಕು, ಚಿನ್ನ."