ಬಾಗಿಲಲ್ಲಿ ತಲಾಶಿ

ನನ್ನ ಗಂಡ ಗುರುಸಿದ್ದಪ್ಪನವರಿಗೆ ಮರೆವಿನ ಕಾಯಿಲೆ ಬಂದ ಮೇಲೆ ತಲಾಶಿ ಕೊಡದೆ ನಮ್ಮ ಮನೆಯಿಂದ ಯಾರೂ ಹೊರಗೆ ಹೋಗುವಂತಿಲ್ಲ. ಹಾಲಿನವನ ಕ್ಯಾನಿನ ಮುಚ್ಚಳ ತೆಗೆಸುತ್ತಾರೆ. ಮಗ ಪ್ರವೀಣ ಇತವಾರಿ ಪೇಟೆಯ ಬಟ್ಟೆ ಅಂಗಡಿಗೆ ಹೊರಟರೆ ಅವನ ಡಬ್ಬಾ ಬಿಚ್ಚಿಸಿ, ಮಡಚಿದ ಚಪಾತಿಯನ್ನೂ ಬಿಡಿಸಿ ನೋಡುತ್ತಾರೆ. ಇದೇ ಊರಿನ ಮದ್ದುಗುಂಡಿನ ಕಾರ್ಖಾನೆಯ ಗೇಟಿನಲ್ಲಿ ಕಾವಲಿನವರಾಗಿದ್ದವರು ಅವರು. ಪಾಳಿ ಮುಗಿಸಿ ಹೊರಟ ಪ್ರತಿಯೊಬ್ಬರ ಜೇಬು, ಚೀಲ ನೋಡಿಯೇ ಬಿಡುವುದು ಅವರ ಕೆಲಸವಾಗಿತ್ತು. ಈಗ ಮನೆಯೇ ಅವರಿಗೆ ಕಾರ್ಖಾನೆ.

ಮೊದಮೊದಲು ನಾನೂ ವಾದಕ್ಕೆ ನಿಲ್ಲುತ್ತಿದ್ದೆ. "ಇದು ನಮ್ಮ ಮನೀರಿ. ನಿಮಗ ಪೆನ್ಶನ್ ಆಗಿ ಎಷ್ಟ ಕಾಲ ಆತು!" ಎನ್ನುತ್ತಿದ್ದೆ. ಅವರ ಮುಖ ಕೆಂಪಾಗುತ್ತಿತ್ತು. "ಮಾಲು ಕದ್ದವರೆಲ್ಲಾ ಹಿಂಗ ಮಾತಾಡತಾರ" ಎಂದು ನನ್ನ ಸೆರಗಿಗೇ ಕೈ ಹಾಕುತ್ತಿದ್ದರು. ಕಟ್ಟಿಕೊಂಡ ಗಂಡನೇ ಕಳ್ಳಿ ಎಂದರೆ ಯಾವ ಹೆಂಗಸಿಗೆ ಹೊಟ್ಟೆ ಉರಿಯುವುದಿಲ್ಲ? ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿ, ಅತ್ತು, ಮತ್ತೆ ಬಂದು ವಾದ ಮಾಡುತ್ತಿದ್ದೆ. ಅವರು ಬೇಕೆಂದು ಸುಳ್ಳು ಹೇಳುತ್ತಿಲ್ಲ, ಅವರಿಗೆ ಕಾಣುವುದೇ ಹಾಗೆ, ವಾದ ಮಾಡಿದಷ್ಟೂ ಹೆದರಿಕೆ ಹೆಚ್ಚುತ್ತದೆ ಎಂದು ದವಾಖಾನೆಯ ಡಾಕ್ಟರು ತಿಳಿಸಿ ಹೇಳಿದ್ದರು. ಡಾಕ್ಟರಿಗೇನು, ಹೇಳಿ ಕಳಿಸಿದರು. ಕಳ್ಳಿ ಎನ್ನಿಸಿಕೊಳ್ಳುವವಳು ನಾನು.

ಹೀಗಿರುವಾಗ ಪಕ್ಕದ ಮನೆಯ ಗಂಗೂಬಾಯಿ ಹೆಪ್ಪಿಗೆ ಮೊಸರು ಕೇಳಲು ಬಂದಳು. ಹೊರಡುವಾಗ ಇವರು ಅವಳ ಸೊಂಟದ ಚೀಲಕ್ಕೆ ಕೈ ಹಾಕಿಬಿಟ್ಟರು. ಅವಳು ಕಿರುಚಿದ್ದಕ್ಕೆ ಗಲ್ಲಿಯೇ ಸೇರಿತು. ನನಗೆ ನೆಲ ಬಿರಿದರೆ ಸಾಕು ಎನ್ನಿಸಿತು.

"ಅವ್ವಾ, ಬಸ್ ಆತು," ಎಂದ ಪ್ರವೀಣ ಅಂದು ಸಂಜೆ. "ವರ್ಧಾ ರೋಡಿನಾಗ ಇಂಥವರನ್ನ ನೋಡ್ಕೊಳ್ಳೋ ಒಂದ ಹೋಮ್ ಐತಿ. ರವಿವಾರ ಅಪ್ಪನ್ನ ಬಿಟ್ಟು ಬರತೀನಿ. ಇಲ್ಲಂದ್ರ ನೀನ ಹಾಸಿಗಿ ಹಿಡೀತಿ."

ಅವನೇನು ಕೆಟ್ಟವನಲ್ಲ, ಅವನ ಹೆದರಿಕೆ ನನ್ನ ಬಗ್ಗೆ. ಆದರೆ ನನಗೆ ಗಂಡ ಬೇಕು. ನನ್ನ ಗುರುತು ಹಿಡಿಯದಿದ್ದರೂ ಬೇಕು. "ರವಿವಾರದೊಳಗ ಗಂಗೂಬಾಯಿನ್ನ ಇದ ಬಾಗಲದಿಂದ ನಗಸಿ ಕಳಸತೀನಿ, ನೋಡ್ಕೋತ ಇರು" ಎಂದೆ.

ಮಾತು ಕೊಟ್ಟೆನೇನೋ ಸರಿ, ಮುಂದೇನು? ಇವರು ತಪ್ಪಿದ್ದೆಲ್ಲಿ ಎಂದು ಹುಡುಕುವುದನ್ನು ಬಿಟ್ಟು, ನೌಕರಿಯಲ್ಲಿದ್ದಾಗ ಹೇಗೆ ಮಾಡುತ್ತಿದ್ದರು ಎಂದು ನೆನೆಯುತ್ತ ಕೂತೆ. ಊಟಕ್ಕೆ ಕೂತಾಗಲೆಲ್ಲ ಗೇಟಿನ ಸುದ್ದಿಯೇ ಆಗಿತ್ತಲ್ಲ! ಹೆಂಗಸರನ್ನು ಗಂಡಸರು ಮುಟ್ಟುವಂತಿರಲಿಲ್ಲ. ಅವರ ತಲಾಶಿಗೆ ಪರದೆಯ ಹಿಂದೆ ಬೇರೆ ಹೆಂಗಸು ಇದ್ದಳು, ಅವಳನ್ನು ಎಲ್ಲರೂ 'ಬಾಯಿ' ಎಂದು ಕರೆಯುತ್ತಿದ್ದರು.

ಗಂಗೂಬಾಯಿಯ ಕೈಕಾಲು ಹಿಡಿದು ಮರುದಿನ ಕರೆತಂದೆ. ಹೊರಡುವಾಗ ಇವರು ಅಡ್ಡ ನಿಂತರು. ನಾನು ನಡುವೆ ನುಗ್ಗಿದೆ.

"ಸಾಹೇಬ್ರ, ಹೆಂಗಸರ ತಲಾಶಿ ಹೆಂಗಸರ ಮಾಡಬೇಕಲ್ರಿ?"

ಚಾಚಿದ ಕೈ ಹಿಂದಕ್ಕೆ ಹೋಯಿತು. ಇವರು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. "ಬರೋಬರ್. ಜಲ್ದಿ ಮಾಡ್ರಿ, ಬಾಯಿ."

ನಾನು ಗಂಗೂಬಾಯಿಯ ಸೊಂಟ ತಡವಿದೆ. ಕಚಗುಳಿಯಾಗಿ ಅವಳು ಕಿಸಕ್ಕನೆ ನಕ್ಕಳು. "ಏನೂ ಇಲ್ರಿ" ಎಂದೆ. "ಹಂಗಾರ ಬಿಡ್ರಿ" ಎಂದರು. ನಾನು ಹೆಂಡತಿ ಎಂಬುದು ಅವರಿಗೆ ಮರೆತೇಹೋಗಿತ್ತು. ಆದರೆ ಅಂದಿನಿಂದ ನಾನು ಕಳ್ಳಿಯಲ್ಲ, ಅವರ ಜೊತೆ ಕೆಲಸ ಮಾಡುವವಳು. ದುಃಖವೂ ಆಯಿತು, ಗೆದ್ದೆನೆಂಬ ಸಂತೋಷವೂ ಆಯಿತು.

ಪ್ರವೀಣ ಮಾತ್ರ ಕರಗಲಿಲ್ಲ. "ಇವತ್ತ ನಡೀತು, ನಾಳೆ?" ಎಂದ. ರವಿವಾರ ಬೆಳಿಗ್ಗೆ ಗಾಡಿ ತರಿಸಿ, ಅಪ್ಪನ ಬಟ್ಟೆ ತುಂಬಿದ ಚೀಲ ಹಿಡಿದು ಹೊರಟ. ಬಾಗಿಲಲ್ಲಿ ಇವರು ಚೀಲಕ್ಕೆ ಕೈ ಅಡ್ಡ ಇಟ್ಟರು. ಮಗನ ಗುರುತು ಸಿಕ್ಕಿರಲಿಲ್ಲ. ಚೀಲ ಬಿಚ್ಚಿ ಒಂದು ಅಂಗಿ ಎತ್ತಿ ಹಿಡಿದರು.

"ಯಾರ ಮಾಲು ಇದು?"

"ನಮ್ಮಪ್ಪಂದು."

"ನಿಮ್ಮಪ್ಪಗ ಗೊತ್ತೈತೇನು, ನೀ ಒಯ್ಯಾಕತ್ತಿದ್ದು?"

ಪ್ರವೀಣ ನನ್ನ ಮುಖ ನೋಡಿದ.

"ನನ್ನ ಏನ್ ನೋಡತಿ? ಸಾಹೇಬ್ರು ಕೇಳಾಕತ್ತಾರ, ಹೇಳು" ಎಂದೆ.

"ಇಲ್ರಿ, ಅವರಿಗೆ ಹೇಳಿಲ್ಲ" ಎಂದ.

"ಹಂಗಾರ ಹೊರಗ ಬಿಡಾಕ ಬರಂಗಿಲ್ಲ ತಮ್ಮಾ. ಮೊದಲ ಅವರನ್ನ ಕೇಳ್ಕೊಂಡ ಬಾ." ಇವರ ದನಿಯಲ್ಲಿ ಸಿಟ್ಟಿರಲಿಲ್ಲ.

ಪ್ರವೀಣ ಚೀಲ ಕೆಳಗಿಟ್ಟು ಅಳತೊಡಗಿದ. ನಾನು ಗಾಡಿಯವನನ್ನು ಕಳಿಸಿ ಬಂದೆ.

"ಅತ್ತಿದ್ದು ಸಾಕು. ನಾ ಒಬ್ಬಾಕಿನ ಎಷ್ಟಂತ ಮಾಡಲಿ? ನಾಳಿಂದ ಸಂಜೀ ಪಾಳಿ ನಿಂದು. ಅಂಗಡಿಯಿಂದ ಜಲ್ದಿ ಬರಬೇಕು" ಎಂದೆ.

"ಬರತೀನವ್ವಾ" ಎಂದ. ಆಮೇಲೆ ಕಣ್ಣೊರೆಸಿಕೊಂಡು ಅಪ್ಪನ ಮುಂದೆ ಹೋಗಿ, ತಲಾಶಿಗೆ ಎರಡೂ ಕೈ ಎತ್ತಿ ನಿಂತ.