ಗುರುವಾರದ ಸಹಿ

ಶುಕ್ರವಾರ ಬೆಳಿಗ್ಗೆ ಆರ್‌ಪಿಸಿ ಲೇಔಟ್‌ನ ಬಾಡಿಗೆ ಮನೆಯಲ್ಲಿ ಜಯದೇವಿ ಕಾಫಿ ತಂದಾಗ ಗಂಡ ಸೋಮಲಿಂಗಪ್ಪ ಪತ್ರಿಕೆಯ ಮೂರನೇ ಪುಟವನ್ನೇ ದಿಟ್ಟಿಸುತ್ತಿದ್ದ. ಅವನು ಮೆಕ್ಯಾನಿಕ್ ಆಗಿದ್ದ ಖಾಸಗಿ ಕಂಪನಿಯ ಸಣ್ಣ ವಿಮಾನ ಹಿಂದಿನ ದಿನ ಇಳಿಯುವಾಗ ರನ್‌ವೇ ದಾಟಿ, ನೂರ ನಲವತ್ತು ಅಡಿ ಆಚೆ ಚರಂಡಿಗೆ ಮೂಗು ಊರಿ ನಿಂತಿತ್ತು. ಪೈಲಟ್ ಏಕಾಂತಯ್ಯನವರ ಭುಜದ ಮೂಳೆ ಮುರಿದಿತ್ತು. ಇಬ್ಬರು ಪ್ರಯಾಣಿಕರಿಗೆ ತರಚು ಗಾಯ.

ಮಹಡಿ ಮನೆಯ ರಾಮಮ್ಮ ಮೆಟ್ಟಿಲಿಳಿಯುತ್ತಲೇ ಕೇಳಿದರು. "ಏನಪ್ಪಾ, ನಿಮ್ಮ ಕ್ಯಾಪ್ಟನ್ ಎಣ್ಣೆ ಹಾಕಿದ್ನಂತೆ?"

"ಹಾಗೇ ಅಂತಾರಮ್ಮ," ಎಂದ ಸೋಮಲಿಂಗಪ್ಪ.

ಜಯದೇವಿಗೆ ವಿಚಿತ್ರವೆನಿಸಿತು. ಎಲೆಅಡಿಕೆಯನ್ನೂ ಮುಟ್ಟದ ಮನುಷ್ಯ ಎಂದು ಏಕಾಂತಯ್ಯನವರನ್ನು ಹೊಗಳುತ್ತಿದ್ದವನು ಇವನೇ.

ಭಾನುವಾರ ಅವನು ಮೆಲ್ಲಗೆ ಹೇಳಿದ. "ಯಾರಾದ್ರೂ ಕೇಳಿದ್ರೆ, ಗುರುವಾರ ನಾನು ಡ್ಯೂಟೀಲಿದ್ದೆ ಅನ್ನು."

"ನಮ್ಮಣ್ಣನ ಗೃಹಪ್ರವೇಶದಲ್ಲಿ ಹೋಳಿಗೆ ಬಡಿಸ್ತಾ ಇದ್ರಲ್ರೀ! ನಿಜ ಹೇಳಿ, ಏನು ಮಾಡಿದೀರಿ?"

"ಏನೂ ಮಾಡಿಲ್ಲ ಕಣೇ. ಅದೇ ತೊಂದರೆ. ವಾರದ ಆರೂ ತಪಾಸಣೆ ಹಾಳೆಗೆ ಸೋಮವಾರವೇ ಸಹಿ ಹಾಕಿಬಿಡ್ತೀವಿ. ಸೂಪರ್‌ವೈಸರ್ ಹನುಮಂತಯ್ಯನವರೇ ಕಲಿಸಿದ್ದು. ಗುರುವಾರ ಬಾಯಿಮಾತಲ್ಲಿ ರಜಾ ತಗೊಂಡೆ. ನನ್ನ ಬದಲು ಬಂದವನು, ಸಹಿ ಇದೆ, ನೋಡಿ ಆಗಿದೆ ಅಂದ್ಕೊಂಡ."

"ಬ್ರೇಕ್ ಸರಿ ಇತ್ತಾ?"

"ಯಾರು ನೋಡಿದಾರೆ?"

ಅವನೇ ಮುಂದುವರಿಸಿದ. "ನಿಜ ಹೇಳಿದ್ರೆ ಕೆಲಸ ಹೋಗುತ್ತೆ. ಎರಡು ಮಕ್ಕಳಿವೆ."

"ಏಕಾಂತಯ್ಯನವರಿಗೂ ಇವೆ."

ಮಂಗಳವಾರ ಅಣ್ಣ ಗೃಹಪ್ರವೇಶದ ಫೋಟೋಗಳನ್ನು ತಂದುಕೊಟ್ಟ. ಒಂದರಲ್ಲಿ ಸೋಮಲಿಂಗಪ್ಪ ಪಂಕ್ತಿಯ ನಡುವೆ ಬಗ್ಗಿ ಹೋಳಿಗೆ ಬಡಿಸುತ್ತಿದ್ದ. ಅದರ ಹಿಂಬದಿಯಲ್ಲಿ ಸ್ಟುಡಿಯೋದವರು ಸಮಾರಂಭದ ತಾರೀಖು ಬರೆದಿದ್ದರು. ಜಯದೇವಿ ಅದನ್ನು ಆಲ್ಬಮ್‌ಗೆ ಅಂಟಿಸುವಾಗ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಬುಧವಾರ ಅಪಘಾತದ ವಿಚಾರಣೆ. ಅವನು ಹೊರಟ ಮೇಲೆ ಆಲ್ಬಮ್ ತೆರೆದಳು. ಆ ಫೋಟೋ ಇರಲಿಲ್ಲ. ನಾಲ್ಕು ಮೂಲೆಯ ಅಂಟು ಕಾಗದಗಳು ಮಾತ್ರ ಉಳಿದಿದ್ದವು. ಕಸದ ಬುಟ್ಟಿ ಹುಡುಕಿದಳು. ಬಚ್ಚಲ ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದಳು. ಏನೂ ಸಿಗಲಿಲ್ಲ. ಬಸ್ಸಿನಿಂದ ಬಿಸಾಡಿರಬೇಕು ಎಂದುಕೊಂಡಳು.

ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಫೋಟೋ ಏನು ಮಾಡಿದ್ರಿ?"

"ವಿಚಾರಣೆ ಸಾಹೇಬರು ಫೈಲಿಗೆ ಪಿನ್ ಹಾಕ್ಕೊಂಡ್ರು. ನಾನೇ ಕೊಟ್ಟೆ. ಸಹಿ ನಂದೇ ಸಾರ್, ಆದ್ರೆ ಆವತ್ತು ಡ್ಯೂಟೀಲಿರಲಿಲ್ಲ, ಈ ಫೋಟೋದಲ್ಲಿರೋ ಮನೇಲಿದ್ದೆ ಅಂದೆ."

"ಕೆಲಸ?"

"ಸಸ್ಪೆಂಡ್."

ಅವಳು ಅವನ ಕೈಯಿಂದ ಟಿಫನ್ ಕ್ಯಾರಿಯರ್ ತೆಗೆದುಕೊಂಡಳು. ಮುಟ್ಟದ ಊಟದ ಭಾರ ಹಾಗೇ ಇತ್ತು. "ಕೈಕಾಲು ತೊಳ್ಕೊಂಡು ಬನ್ನಿ. ಬಿಸಿ ರೊಟ್ಟಿ ತಟ್ತೀನಿ," ಎಂದಳು.

ಮೆಟ್ಟಿಲ ಮೇಲಿಂದ ರಾಮಮ್ಮನ ದನಿ ಬಂತು. "ಆ ಕುಡುಕ ಕ್ಯಾಪ್ಟನ್ ಕಥೆ ಏನಾಯ್ತಪ್ಪಾ?"

ಸೋಮಲಿಂಗಪ್ಪ ಮತ್ತೆ ಹೊಸಿಲ ಆಚೆ ಹೋಗಿ ನಿಂತ.

"ಅವರು ಕುಡಿದಿರಲಿಲ್ಲ ರಾಮಮ್ಮನೋರೇ. ಬ್ರೇಕ್ ನೋಡದೆ ಸಹಿ ಹಾಕಿದ್ದು ನಾನು."