ಫ್ಲಾಸ್ಕಿಗೆ ಖಂಡೇಪೂಜೆ

ಫ್ಲಾಸ್ಕಿನೊಳಗಿನ ದ್ರಾವಣ ನೀಲಿಗಟ್ಟಿತ್ತು. ಮಲ್ಲಿಕಾ ಚಾ ಕುಡಿಯಲು ಹೋಗುವಾಗ ಅದು ದಾಳಿಂಬೆ ರಸದಂತೆ ಕೆಂಪಗಿತ್ತು. ಈಗ ಫ್ಲಾಸ್ಕಿನ ಕೊರಳಿಗೆ ಚೆಂಡುಹೂವಿನ ಸರ, ಹೊಟ್ಟೆಗೆ ಕುಂಕುಮ.

ಶಿಗ್ಗಾಂವಿಯ ಆ ಕಾಲೇಜಿನಲ್ಲಿ ದಸರಾ ರಜೆ ಬೀಳುವ ಮೊದಲೇ ಖಂಡೇಪೂಜೆ, ಅಂದರೆ ಆಯುಧಪೂಜೆ, ಮುಗಿಸುತ್ತಾರೆ. ಲ್ಯಾಬಿನ ಅಟೆಂಡರ್ ಫಕ್ಕೀರೇಶ ತಕ್ಕಡಿ, ಹೀಟರು, ಫ್ರಿಜ್ಜು ಯಾವುದನ್ನೂ ಬಿಟ್ಟಿರಲಿಲ್ಲ.

"ಕಾಕಾ, ಇದರಾಗ ಏನ್ ಹಾಕಿದ್ರಿ?"

"ಕಾಯಿ ಒಡದ್ನೆವಾ. ಬ್ಯಾರೇದಕ್ಕೆಲ್ಲಾ ಬರೇ ಚಿಮುಕಿಸೇನಿ. ನಿಂದು ನಾಳೆ ದವಾಖಾನಿಗೆ ಹೋಗೂದಲ್ಲಾ, ಅದಕ್ಕ ಅರ್ಧ ವಾಟಗಾ ಒಳಗ ಸುರುವೇನಿ."

ಮಲ್ಲಿಕಾ ಸ್ಟೂಲಿನ ಮೇಲೆ ಕುಸಿದಳು. ಬಿಡಿಬಿಡಿಯಾಗಿ ತೇಲುತ್ತಿದ್ದ ಚಿನ್ನದ ನ್ಯಾನೊಕಣಗಳು ಕಾಯಿನೀರಿನ ಲವಣಕ್ಕೆ ಒಂದಕ್ಕೊಂದು ಅಂಟಿಕೊಂಡು ನೀಲಿಯಾಗಿದ್ದವು. ನಾಳೆ ಹತ್ತಕ್ಕೆ ಹುಬ್ಬಳ್ಳಿಯ ಆಸ್ಪತ್ರೆಯೊಂದು ಅವಳ ಮಾದರಿಗೆಂದು ಸ್ಕ್ಯಾನ್ ಯಂತ್ರವನ್ನು ಅರ್ಧ ಗಂಟೆ ಬಿಟ್ಟುಕೊಟ್ಟಿತ್ತು. ತಪ್ಪಿದರೆ ಮುಂದಿನ ಸರದಿ ಪರೀಕ್ಷೆಯ ನಂತರ. ಅಲ್ಲಿಗೆ ಎಂ.ಎಸ್ಸಿ. ಪ್ರಾಜೆಕ್ಟು ಮುಗಿದಂತೆ.

"ಏನ್ ಕೆಲಸಾ ಮಾಡ್ತಿತ್ತವಾ ಅದು?"

"ಕ್ಯಾನ್ಸರ್ ಗಡ್ಡ್ಯಾಗ ಹೋಗಿ ಕುಂದರತೈತಿ. ಸ್ಕ್ಯಾನಿನ್ಯಾಗ ಗಡ್ಡಿ ಎಲ್ಲೈತಿ ಅಂತ ಕಾಣತೈತಿ. ಆಮ್ಯಾಲ ಬೆಳಕ ಬಿಟ್ರ ಕಾದು ಗಡ್ಡೀನ ಸುಡತೈತಿ."

"ತೋರಸೂದೂ ಅದೇ, ಸುಡೂದೂ ಅದೇ?"

"ಹ್ಞೂಂ. ಈಗ ಎರಡೂ ಇಲ್ಲ."

"ಸರ್‌ಗ ಹೇಳಬ್ಯಾಡವಾ."

"ಹೇಳೂದೇನ್ರಿ, ವಾಟಗಾದಾಗ ಹಾಕಿ ಪ್ರಸಾದ ಅಂತ ಕೊಡ್ತೇನಿ."

ಚಿನ್ನದ ಲವಣದ ಶೀಶೆಯ ತಳದಲ್ಲಿ ಒಂದು ಸಲಕ್ಕಾಗುವಷ್ಟೇ ಉಳಿದಿತ್ತು. ಮಲ್ಲಿಕಾ ಎದ್ದಳು.

"ಕೈ ತೊಳಕೊಳ್ರಿ. ಮೊಣಕೈತನಕ. ಆಮ್ಯಾಲ ಆ ಫ್ಲಾಸ್ಕ್ ಆಸಿಡ್ಡಿಲೆ ನಾ ತೊಳೀತೇನಿ, ನೀವು ಬಟ್ಟಿ ಇಳಿಸಿದ ನೀರು ಹಾಕ್ರಿ. ಮೂರ ಸಲ."

"ನಮ್ಮ ಪೂಜಿಕಿಂತ ನಿನ್ನ ಮಡೀನ ಜೋರ ಐತಲ್ಲವಾ!"

ನೀರು ಕುದಿಯತೊಡಗಿತು. ಅವಳು ಚಿನ್ನದ ಲವಣದ ಹಳದಿ ದ್ರಾವಣ ಬೆರೆಸಿ, ಸಿಟ್ರೇಟ್ ಹಾಕಿದಳು. ಬಣ್ಣ ಹೋಯಿತು. ಆಮೇಲೆ ಮಸಿಯಂತೆ ಕಪ್ಪಾಯಿತು. ಫಕ್ಕೀರೇಶ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎರಡು ಮಾರು ದೂರ ನಿಂತಿದ್ದ.

"ಈ ಸಲ ನಾ ಏನೂ ಮಾಡಿಲ್ಲವಾ."

"ಸುಮ್ಕಿರ್ರಿ."

ಕಪ್ಪು ನೇರಳೆಯಾಯಿತು. ನೇರಳೆ ನಿಧಾನವಾಗಿ ಕೆಂಪಾಯಿತು. ಮಲ್ಲಿಕಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನಂತರ ಹೋಗಿ ಮುಖ ತೊಳೆದುಕೊಂಡು ಬಂದಳು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿನಲ್ಲಿ ಫಕ್ಕೀರೇಶನೂ ಇದ್ದ. ಬೇಡವೆಂದರೂ ಕೇಳಿರಲಿಲ್ಲ. ಮಾದರಿಯಿದ್ದ ಥರ್ಮೋಕೋಲ್ ಡಬ್ಬಿ ಅವನ ತೊಡೆಯ ಮೇಲಿತ್ತು.

"ಕಾಕಾ, ಡಬ್ಬಿ ಸೀಟಿನ ಕೆಳಗಿಡ್ರಿ, ನಿಂತ ಮಂದಿಗೆ ಬಡೀತೈತಿ," ಎಂದ ಕಂಡಕ್ಟರ್.

"ಇಡೂದಿಲ್ಲ."

"ಅಂಥಾದ್ದೇನೈತ್ರಿ ಅದರಾಗ?"

"ಬಂಗಾರ."

ಕಂಡಕ್ಟರ್ ನಕ್ಕು ಟಿಕೀಟು ಕೊಟ್ಟು ಮುಂದೆ ಹೋದ. ಮಲ್ಲಿಕಾ ಕಿಟಕಿಯತ್ತ ತಿರುಗಿದಳು. ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಉದ್ದಕ್ಕೂ ಗೋವಿನಜೋಳ ಒಣಹಾಕಿದ್ದರು. ಒಬ್ಬಾಕೆ ಬರಿಗಾಲಿನಿಂದ ಕಾಳುಗಳನ್ನು ಹರವುತ್ತ ಅದರ ಮೇಲೆ ನಡೆದಿದ್ದಳು.